ದೋಣಿಗಾಗಿ ಕಟ್ಟಿದ ಅಣೆಕಟ್ಟು ಒಡೆದರೆ ನೀರೆಲ್ಲ ಎಲ್ಲಿಗೆ ಹೋಯಿತು? (ಅಪ್ಪನ ಪ್ರಶ್ನೆ)

ನೀರಗಂಟಿ ಮಗ

ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯಾಶ್‌ವಿಲ್‌ನಲ್ಲಿ, ಊರು ಮಂಡ್ಯ ಕಡೆ. ಅಪ್ಪ ಅಮ್ಮ ಆಗಸ್ಟ್‌ನಲ್ಲಿ ಬಂದಿದ್ದಾರೆ, ದೀಪಾವಳಿ ಮುಗಿಸಿಕೊಂಡು ಹೋಗುತ್ತಾರೆ.

ಹೆಸರು ನೋಡಿಯೇ ಗೊತ್ತಾಗಿರಬೇಕು. ಅಪ್ಪ ವಿ.ಸಿ. ನಾಲೆಯ ಒಂದು ಕವಲಿನಲ್ಲಿ ಮೂವತ್ತು ವರ್ಷ ನೀರಗಂಟಿ ಆಗಿದ್ದವರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅನ್ನುವ ಲೆಕ್ಕ ಈಗಲೂ ಬಾಯಲ್ಲಿದೆ. ಇಲ್ಲಿಗೆ ಬಂದ ಮೇಲೂ ಬೆಳಗ್ಗೆ ಎದ್ದ ಕೂಡಲೇ ಫೋನಿನಲ್ಲಿ ನೋಡುವುದು ಕೆಆರ್‌ಎಸ್ ಮಟ್ಟವನ್ನೇ. 124.80 ಅಡಿ ಮುಟ್ಟಿತು ಅಂದರೆ ಆವತ್ತು ಅವರ ಕಾಫಿಗೆ ಸಕ್ಕರೆ ಜಾಸ್ತಿ.

ಕಳೆದ ಶನಿವಾರ ಅವರನ್ನು ಕೆಂಟಕಿಯ ಮ್ಯಾಮತ್ ಕೇವ್ ನೋಡಲು ಕರೆದುಕೊಂಡು ಹೋಗಿದ್ದೆ. ಗುಹೆ ನೋಡಿಯಾಯಿತು. ಗ್ರೀನ್ ನದಿಯನ್ನು ಫೆರ್ರಿಯಲ್ಲಿ ದಾಟೋಣ ಅಂದರೆ ನೀರು ಕಡಿಮೆಯಾಗಿ ಅದು ನಿಂತಿತ್ತು. ಸುತ್ತಿಕೊಂಡು ಬ್ರೌನ್ಸ್‌ವಿಲ್ ಮೇಲೆ ಹೋಗುವಾಗ ನದಿಯ ಹತ್ತಿರ ಕಾರು ನಿಲ್ಲಿಸಿದೆವು. ಒಬ್ಬ ವಯಸ್ಸಾದವರು ಗಾಳ ಹಾಕಿ ಕೂತಿದ್ದರು. ಮಾತಿಗೆ ಮಾತು ಬಂತು. ಇಲ್ಲೇ ಕೆಳಗೆ ನೂರು ವರ್ಷ ಹಳೆಯ ಅಣೆಕಟ್ಟು ಇತ್ತಂತೆ, 2017ರಲ್ಲಿ ಮೀನಿಗೋಸ್ಕರ ಅಂತ ಸರ್ಕಾರವೇ ಒಡೆದು ಹಾಕಿತಂತೆ. 'ನನ್ನ ದೊಡ್ಡ ದೋಣಿ ಈಗ ಅಂಗಳದಲ್ಲಿ ನಿಂತಿದೆ' ಅಂತ ಸ್ವಲ್ಪ ಬೇಸರದಲ್ಲೇ ಹೇಳಿದರು.

ನಾನು ಅದನ್ನು ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು. ವಾಪಸ್ ಬರುವ ದಾರಿಯುದ್ದಕ್ಕೂ ಒಂದೇ ಮಾತು. 'ಕಟ್ಟಿದ ಕಟ್ಟೆ ಯಾರಾದ್ರೂ ಒಡೀತಾರೇನಪ್ಪಾ? ಅಷ್ಟು ನೀರು ಎಲ್ಲಿಗೆ ಹೋಯ್ತು? ಅದನ್ನ ನಂಬ್ಕೊಂಡು ಗದ್ದೆ ಮಾಡ್ತಿದ್ದೋರು ಏನಾದ್ರು? ನಾಳೆ ಪ್ರವಾಹ ಬಂದ್ರೆ ಯಾರು ತಡೀತಾರೆ?' ನಾನು ಸಾಫ್ಟ್‌ವೇರ್ ಬರೆಯುವವನು. ಉತ್ತರ ಗೊತ್ತಿಲ್ಲ. ಆ ಕಡೆ ಇರುವವರು ಯಾರಾದರೂ ಬಿಡಿಸಿ ಹೇಳಿ, ರಾತ್ರಿ ಊಟಕ್ಕೆ ಕೂತಾಗ ಓದಿ ಹೇಳಬೇಕು.

(ಅಮ್ಮ ಅಲ್ಲಿ ಜಲ್ಲಿಯ ಮೇಲೆ ಬಿದ್ದಿದ್ದ ಅಂಗೈಯಗಲದ ಒಂದು ಚಿಪ್ಪನ್ನು ಎತ್ತಿ ನೋಡಿದರು. ಒಳಗೆ ಮುತ್ತಿನ ಹಾಗೆ ಹೊಳೆಯುತ್ತಿತ್ತು. ನದಿಯಲ್ಲಿ ಅಷ್ಟು ದೊಡ್ಡ ಚಿಪ್ಪು ಇರುತ್ತದಾ?)

ಸೊಪ್ಪಿನ ಸಾರು

ಮೀನಿಗೋಸ್ಕರ ಡ್ಯಾಮ್ ಒಡೆಯುವಷ್ಟು ನೀರಿದೆ ಅವರ ಹತ್ತಿರ. ಇಲ್ಲಿ ನಮ್ಮ ಏರಿಯಾಗೆ ಟ್ಯಾಂಕರ್ ಬಂದು ನಾಲ್ಕು ದಿನ ಆಯಿತು. ನಿಮ್ಮ ತಂದೆಯವರು ಕೇಳಿದ್ದು ನೂರಕ್ಕೆ ನೂರು ಸರಿ.

ಕುಮಟೆಯವಳು

ನೀರಗಂಟಿ ಮಗ, ನೀವು ಕಾರು ನಿಲ್ಲಿಸಿದ ಜಾಗ ನನಗೆ ಚೆನ್ನಾಗಿ ಗೊತ್ತು. ನಾನು ಬೌಲಿಂಗ್ ಗ್ರೀನ್‌ನಲ್ಲಿದ್ದೇನೆ, ಅಲ್ಲಿಂದ ಅರ್ಧ ಮುಕ್ಕಾಲು ಗಂಟೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಆದರೂ ಆ ನದಿಯಲ್ಲಿ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಇಳಿಸುತ್ತೇವೆ. ಅಣೆಕಟ್ಟು ಇದ್ದಾಗಲೂ ನೋಡಿದ್ದೇನೆ, ಇಲ್ಲದಾಗಲೂ ನೋಡಿದ್ದೇನೆ. ಉದ್ದ ಬರೆಯುತ್ತೇನೆ, ನಿಮ್ಮ ಅಪ್ಪನಿಗೆ ಎರಡು ಸಲ ಊಟವಾಗಬಹುದು.

ಮೊದಲು ಅವರಿಗೆ ಇದನ್ನು ಹೇಳಿ: ಇದು ಕೆಆರ್‌ಎಸ್ ತರಹದ ಕಟ್ಟೆ ಅಲ್ಲವೇ ಅಲ್ಲ. ತೂಬಿಲ್ಲ, ನಾಲೆ ಇಲ್ಲ, ಮಳೆಗಾಲದಲ್ಲಿ ತುಂಬಿಸಿ ಬೇಸಿಗೆಯಲ್ಲಿ ಬಿಡುವ ಲೆಕ್ಕವೂ ಇಲ್ಲ. ನದಿಗೆ ಅಡ್ಡ ಒಂದು ಗಿಡ್ಡ ಗೋಡೆ, ಅಷ್ಟೇ. ಮೇಲಿನಿಂದ ಎಷ್ಟು ನೀರು ಬಂತೋ ಅಷ್ಟೂ ಗೋಡೆಯ ತಲೆಯ ಮೇಲೆ ಹರಿದು ಹೋಗುತ್ತಿತ್ತು. ತುಂಬಿದ ಕೊಡಕ್ಕೆ ಇನ್ನೊಂದು ತಂಬಿಗೆ ಹಾಕಿದರೆ ಒಂದು ತಂಬಿಗೆ ಹೊರಗೆ ಚೆಲ್ಲುತ್ತದೆ, ಅಲ್ವಾ? ಹಾಗೆ. ಪ್ರವಾಹ ಬಂದರೆ ಗೋಡೆಯೇ ಮುಳುಗಿ ಹೋಗುತ್ತಿತ್ತು, ಅದು ತಡೆಯುವುದು ಏನನ್ನು? ಪ್ರವಾಹ ಹಿಡಿಯುವ ನಿಜವಾದ ಅಣೆಕಟ್ಟು ಇದೇ ನದಿಯ ಮೇಲ್ಗಡೆ ಕ್ಯಾಂಪ್‌ಬೆಲ್ಸ್‌ವಿಲ್ ಹತ್ತಿರ ಇದೆ. 1969ರದ್ದು. ಅದನ್ನು ಯಾರೂ ಮುಟ್ಟಿಲ್ಲ.

ಗದ್ದೆ ಕಳೆದುಕೊಂಡವರೂ ಇಲ್ಲ. ಇಲ್ಲಿ ಮೆಕ್ಕೆಜೋಳ, ಸೋಯಾ ಬೆಳೆಯುವುದು ಮಳೆಯ ನೀರಿನಲ್ಲಿ. ಆ ಕಟ್ಟೆಯಿಂದ ಯಾರ ಹೊಲಕ್ಕೂ ಕಾಲುವೆ ಹೋಗಿರಲಿಲ್ಲ.

ಹಾಗಾದರೆ ಕಟ್ಟಿದ್ದು ಯಾಕೆ? ದೋಣಿ ಹೋಗಲಿ ಅಂತ. ಬೇಸಿಗೆಯಲ್ಲಿ ಈ ನದಿ ಕೆಲವು ಕಡೆ ಮೊಣಕಾಲು ನೀರಿಗೆ ಬರುತ್ತದೆ. ನೀವೇ ನೋಡಿದಿರಿ, ಫೆರ್ರಿ ನಿಂತಿತ್ತು. ಸರಕು ತುಂಬಿದ ಸ್ಟೀಮರಿಗೆ ವರ್ಷವಿಡೀ ಒಂದೇ ಆಳ ಬೇಕು. ಅದಕ್ಕೆ ನದಿಯನ್ನು ಮೆಟ್ಟಿಲು ಮೆಟ್ಟಿಲು ಮಾಡುತ್ತಾರೆ. ಒಂದೊಂದು ಮೆಟ್ಟಿಲಿಗೂ ಅಡ್ಡ ಒಂದು ಗೋಡೆ, ಗೋಡೆಯ ಪಕ್ಕದಲ್ಲಿ ಎರಡು ಬಾಗಿಲಿನ ಉದ್ದ ತೊಟ್ಟಿ. ಅದಕ್ಕೆ ಲಾಕ್ ಅನ್ನುತ್ತಾರೆ. ದೋಣಿ ತೊಟ್ಟಿಯೊಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ನೀರು ತುಂಬಿಸಿದರೆ ದೋಣಿ ತಾನಾಗಿ ಮೇಲೇರುತ್ತದೆ. ಮುಂದಿನ ಬಾಗಿಲು ತೆಗೆದರೆ ಮೇಲಿನ ಮೆಟ್ಟಿಲಿನ ನೀರು. ಇಳಿಯುವಾಗ ಇದರ ಉಲ್ಟಾ. ಪಂಪ್ ಬೇಡ, ಎಂಜಿನ್ ಬೇಡ. ಬಾಗಿಲು ಮತ್ತು ನೀರಿನ ಭಾರ, ಇಷ್ಟರಲ್ಲೇ ಕೆಲಸ. ನಿಮ್ಮ ಅಪ್ಪನಿಗೆ ಇದು ನನಗಿಂತ ಬೇಗ ಅರ್ಥವಾಗುತ್ತದೆ.

ಗ್ರೀನ್ ನದಿಯಲ್ಲಿ ಮೊದಲ ನಾಲ್ಕು ಮೆಟ್ಟಿಲನ್ನು ಕೆಂಟಕಿ ರಾಜ್ಯವೇ 1830ರ ದಶಕದಲ್ಲಿ ಶುರು ಮಾಡಿ 1840ರ ದಶಕದ ಹೊತ್ತಿಗೆ ಮುಗಿಸಿತು. 1888ರಲ್ಲಿ ಕೇಂದ್ರ ಸರ್ಕಾರ ಕೊಂಡುಕೊಂಡಿತು. ಆಮೇಲೆ ಸೈನ್ಯದ ಇಂಜಿನಿಯರ್‌ಗಳ ವಿಭಾಗ ಐದನೆಯದನ್ನೂ ಆರನೆಯದನ್ನೂ ಸೇರಿಸಿತು. ನೀವು ನಿಂತಿದ್ದ ಕಡೆ ಇದ್ದದ್ದು ಆರನೆಯದು, 1906ರದ್ದು. ಅದು ಆದ ಮೇಲೆ ಓಹಾಯೋ ನದಿಯಿಂದ ಸ್ಟೀಮರ್ ಹತ್ತಿದವರು ಸೀದಾ ಮ್ಯಾಮತ್ ಕೇವ್ ಹತ್ತಿರ ಬಂದು ಇಳಿಯುತ್ತಿದ್ದರಂತೆ. ಪ್ರವಾಸಿಗಳ ಜೊತೆಗೆ ಡಾಂಬರು ಕಲ್ಲಿನ ವ್ಯಾಪಾರವೂ ಇತ್ತು. ಬ್ರೌನ್ಸ್‌ವಿಲ್ ಹತ್ತಿರ ಕೈರಾಕ್ ಅಂತ ಒಂದು ಊರಿತ್ತು, ಕಂಪನಿಯೇ ಕಟ್ಟಿದ್ದು. ಅಲ್ಲಿಯ ಬೆಟ್ಟದಲ್ಲಿ ಡಾಂಬರು ಹೀರಿಕೊಂಡ ಮರಳುಗಲ್ಲು ಸಿಗುತ್ತಿತ್ತು. ಅದನ್ನು ಪುಡಿ ಮಾಡಿ ಬಾರ್ಜ್ ಅನ್ನುವ ಚಪ್ಪಟೆ ಸರಕು ದೋಣಿಗಳಲ್ಲಿ ತುಂಬಿ ಬೌಲಿಂಗ್ ಗ್ರೀನ್‌ಗೆ ತರುತ್ತಿದ್ದರು, ರಸ್ತೆಗೆ ಹಾಸಲು.

ತಮಾಷೆ ನೋಡಿ. ದೋಣಿಯಲ್ಲಿ ಬಂದ ಡಾಂಬರಿನಿಂದ ರಸ್ತೆ ಆಯಿತು, ರಸ್ತೆ ಆದ ಮೇಲೆ ದೋಣಿ ನಿಂತಿತು. 1950ರ ದಶಕದ ಶುರುವಿಗೇ ಐದು ಮತ್ತು ಆರನೇ ಲಾಕ್ ಮುಚ್ಚಿದರು. 1965ರಲ್ಲಿ ವುಡ್‌ಬರಿಯ ನಾಲ್ಕನೆಯದು ತಾನಾಗಿ ಒಡೆದು ಹೋಯಿತು. ಏಣಿಯ ನಡುವಿನ ಒಂದು ಮೆಟ್ಟಿಲೇ ಮುರಿದರೆ ಮೇಲಿನ ಮೆಟ್ಟಿಲಿಗೆ ಯಾರು ಹತ್ತುತ್ತಾರೆ? ಆದರೂ ಐದು, ಆರು ಇನ್ನೂ ಐವತ್ತು ವರ್ಷ ಹಾಗೇ ನಿಂತಿದ್ದವು. ಒಂದು ದೋಣಿಯೂ ಹಾಯಲಿಲ್ಲ. ಉಪಯೋಗಿಸಲು ಯಾರೂ ಇಲ್ಲ, ತೆಗೆಯುವ ಅಧಿಕಾರವೂ ಯಾರಿಗೂ ಇಲ್ಲ. ನಮ್ಮೂರಲ್ಲಿ ಪಾಲು ಆಗದ ಮನೆ ಬಿದ್ದಿರುತ್ತಲ್ಲ, ಹಾಗೆ.

ಸೊಪ್ಪಿನ ಸಾರು ಅವರೇ, ನಿಮ್ಮ ಕಷ್ಟ ನಿಜ. ಆದರೆ ಈ ಕಟ್ಟೆ ಯಾರಿಗೂ ಟ್ಯಾಂಕರ್ ತಪ್ಪಿಸುತ್ತಿರಲಿಲ್ಲ. ಕುಡಿಯುವ ನೀರಿಗೆ ಬೇಕಾದ ಕಟ್ಟೆಯನ್ನು ಅವರೂ ಒಡೆದಿಲ್ಲ. ಅದೇ ನದಿಯಲ್ಲಿ ರೋಚೆಸ್ಟರ್ ಊರಿನ ಮೂರನೇ ಅಣೆಕಟ್ಟಿಗೂ ಈಗ ದೋಣಿ ಬರುವುದಿಲ್ಲ, ಆದರೆ ಸುತ್ತಲಿನವರಿಗೆ ಕುಡಿಯುವ ನೀರು ಅಲ್ಲಿಂದ. ಅದನ್ನು ರಿಪೇರಿ ಮಾಡಿ ಉಳಿಸಿಕೊಂಡಿದ್ದಾರೆ. ಕೆಳಗಿನ ಒಂದು, ಎರಡರಲ್ಲಿ ಈಗಲೂ ಬಾರ್ಜ್ ಓಡಾಡುತ್ತದೆ, ಅವೂ ಇವೆ.

ಈಗ ಅಮ್ಮನ ಚಿಪ್ಪಿನ ವಿಷಯ. ನನಗೆ ಹೇಳಲು ಆಸೆ ಇದ್ದದ್ದು ಇದೇ.

ನಾನು ಅಘನಾಶಿನಿ ದಂಡೆಯವಳು. ಚಿಕ್ಕವಳಿದ್ದಾಗ ಇಳಿತದ ಹೊತ್ತಿಗೆ ಅಜ್ಜಿಯ ಹಿಂದೆ ಬುಟ್ಟಿ ಹಿಡಿದುಕೊಂಡು ಬಳಚು ಹೆಕ್ಕಲು ಹೋಗುತ್ತಿದ್ದೆ. ಬಳಚು ಅಂದರೆ ಮಂಡ್ಯದವರಿಗೆ ಗೊತ್ತಾಗಲಿಕ್ಕಿಲ್ಲ, ಚಿಪ್ಪಿನೊಳಗಿನ ಮಾಂಸ, ಸುಕ್ಕ ಮಾಡಿದರೆ ಎರಡು ತುತ್ತು ಅನ್ನ ಜಾಸ್ತಿ ಹೋಗುತ್ತದೆ. ಅಜ್ಜಿ ಕಣ್ಣಲ್ಲಿ ಹುಡುಕುತ್ತಿರಲಿಲ್ಲ, ಕಾಲಲ್ಲಿ ತಡಕುತ್ತಿದ್ದಳು. 'ಇಲ್ಲಿ ರಾಡಿ, ಇಲ್ಲಿ ಸಿಕ್ಕೂದಿಲ್ಲ, ಮುಂದೆ ಹೋಗು' ಅನ್ನುತ್ತಿದ್ದಳು. ಕಾಲಿಗೆ ಸಿಗುವ ಮರಳು ಯಾವುದು, ರಾಡಿ ಯಾವುದು ಅನ್ನುವುದರ ಮೇಲೆ ಆವತ್ತಿನ ಸಾರು ನಿಂತಿತ್ತು.

ಕೆಂಟಕಿಗೆ ಬಂದ ಹೊಸದರಲ್ಲಿ ಗ್ರೀನ್ ನದಿಗೆ ಇಳಿದಾಗ ನನ್ನ ಕಾಲು ಅದನ್ನೇ ಹುಡುಕಿತು. ಅಣೆಕಟ್ಟಿನ ಹಿಂದಿನ ನಿಂತ ನೀರಿನಲ್ಲಿ ಬರೀ ರಾಡಿ, ಮೀನಖಂಡದವರೆಗೆ ಹೂತುಹೋಗುತ್ತಿತ್ತು. ಅದೇ ನದಿಯಲ್ಲಿ ಇನ್ನೂ ಮೇಲಕ್ಕೆ, ನೀರು ಹರಿಯುವ ಕಡೆ ಹೋದರೆ ಜಲ್ಲಿ, ಮರಳು, ಜಲ್ಲಿಯ ನಡುವೆ ಚಿಪ್ಪು. ಈ ನದಿಯಲ್ಲಿ 70ಕ್ಕೂ ಹೆಚ್ಚು ಜಾತಿಯ ಸಿಹಿನೀರಿನ ಚಿಪ್ಪುಗಳಿವೆ. ಇಡೀ ಅಮೆರಿಕದಲ್ಲೇ ಇದು ದೊಡ್ಡ ಸಂಪತ್ತು. ಕೆಲವಕ್ಕೆ ಇಲ್ಲಿಯವರು ಇಟ್ಟ ಹೆಸರು ಕೇಳಿ: ಪಿಸ್ಟಲ್‌ಗ್ರಿಪ್, ಮಂಕಿಫೇಸ್, ಪಾಕೆಟ್‌ಬುಕ್. ಹಿಂದಿನ ಕಾಲದಲ್ಲಿ ಅಂಗಿಯ ಗುಂಡಿ ಮಾಡಲು ಇಂಥ ಚಿಪ್ಪನ್ನು ಅಮೆರಿಕದ ನದಿಗಳಿಂದ ಟನ್ನುಗಟ್ಟಲೆ ತೆಗೆದಿದ್ದಾರೆ.

ಅಣೆಕಟ್ಟಿಗೂ ಚಿಪ್ಪಿಗೂ ಏನು ಸಂಬಂಧ ಅಂದರೆ, ಚಿಪ್ಪಿನ ಮರಿ ಊರು ಬದಲಿಸುವುದು ಮೀನಿನ ಮೇಲೆ ಕೂತು. ನಿಜ ಹೇಳುತ್ತಿದ್ದೇನೆ. ಪಾಕೆಟ್‌ಬುಕ್ ಜಾತಿಯ ತಾಯಿ ತನ್ನ ಮೈಯ ಅಂಚನ್ನು ಸಣ್ಣ ಮೀನಿನ ಹಾಗೆ ಮಾಡಿ ನೀರಿನಲ್ಲಿ ಅಲ್ಲಾಡಿಸುತ್ತದೆ. ಅದಕ್ಕೆ ಕಣ್ಣಿನಂಥ ಚುಕ್ಕಿ ಕೂಡ ಇರುತ್ತದೆ. ದೊಡ್ಡ ಬಾಸ್ ಮೀನು ಊಟ ಸಿಕ್ಕಿತು ಅಂತ ಬಾಯಿ ಹಾಕುತ್ತದೆ. ಆಗ ತಾಯಿ ಮರಿಗಳನ್ನು ಆ ಬಾಯಿಗೇ ಎರಚಿಬಿಡುತ್ತದೆ. ಮರಿಗಳು ಮೀನಿನ ಕಿವಿರು ಕಚ್ಚಿಕೊಂಡು ಕೆಲವು ವಾರ ತಿರುಗುತ್ತವೆ, ಆಮೇಲೆ ಬಿಟ್ಟು ತಳಕ್ಕೆ ಬೀಳುತ್ತವೆ. ಜಲ್ಲಿಯ ಮೇಲೆ ಬಿದ್ದರೆ ಬದುಕು. ರಾಡಿಯ ಮೇಲೆ ಬಿದ್ದರೆ ಮುಗಿಯಿತು. ಹೆಚ್ಚಿನ ಜಾತಿಗಳಿಗೆ ತಮ್ಮ ತಮ್ಮ ಗೊತ್ತಾದ ಮೀನುಗಳೇ ಆಗಬೇಕು, ಸಿಕ್ಕ ಬಸ್ಸು ಹತ್ತುವ ಹಾಗಿಲ್ಲ.

ನದಿಗೆ ಅಡ್ಡ ಗೋಡೆ ಹಾಕಿದರೆ ಮೀನು ಮೇಲೆ ಹೋಗಲಾರದು. ಮೀನು ಹೋಗದಿದ್ದರೆ ಚಿಪ್ಪೂ ಇಲ್ಲ. ಮೇಲೆ ಮೊದಲಿಂದ ಇದ್ದವು ಹಾಗೇ ಮುದಿಯಾಗುತ್ತವೆ. ಎಷ್ಟೋ ಜಾತಿಗಳ ಆಯಸ್ಸು ಹತ್ತಾರು ವರ್ಷ, ಹಾಗಾಗಿ ನೋಡುವವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಮಕ್ಕಳೆಲ್ಲ ಪಟ್ಟಣ ಸೇರಿ ಬರೀ ಅಜ್ಜ ಅಜ್ಜಿ ಉಳಿದ ಊರು ಇರುತ್ತಲ್ಲ, ಮನೆಗಳಲ್ಲಿ ದೀಪ ಇದೆ, ಶಾಲೆ ಮಾತ್ರ ಮುಚ್ಚಿದೆ. ಅದೇ ಕಥೆ.

ನಮ್ಮ ಪಕ್ಕದ ಶರಾವತಿಯಲ್ಲೂ ಬಳಚಿಗೆ ಪೆಟ್ಟು ಬಿದ್ದದ್ದು ಅಣೆಕಟ್ಟಿನಿಂದಲೇ, ಕಾರಣ ಮಾತ್ರ ಬೇರೆ. ಅಲ್ಲಿ ವಿದ್ಯುತ್ ತೆಗೆದ ಸಿಹಿನೀರು ವರ್ಷವಿಡೀ ಕೆಳಗೆ ಬರುತ್ತದೆ, ನದಿ ಸಮುದ್ರ ಸೇರುವ ಅಳಿವೆಯ ಉಪ್ಪು ಕಡಿಮೆಯಾಯಿತು, ಬಳಚು ಹೋಯಿತು. ಅಘನಾಶಿನಿಗೆ ಅಣೆಕಟ್ಟು ಇಲ್ಲ, ಅಲ್ಲಿ ಇನ್ನೂ ಹೆಕ್ಕುತ್ತಾರೆ. 2024ರಲ್ಲಿ ಆ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಜ್ಜಿ ಇದ್ದಿದ್ದರೆ 'ಪಟ್ಟಿ ಯಾಕೆ, ಬುಟ್ಟಿ ತುಂಬಿದರೆ ಸಾಕು' ಅನ್ನುತ್ತಿದ್ದಳು.

ಗುಹೆಗೂ ಈ ಕಟ್ಟೆಯ ತೊಂದರೆ ಇತ್ತು. ಮ್ಯಾಮತ್ ಕೇವ್‌ನ ತಳದಲ್ಲಿ ಎಕೋ ರಿವರ್, ಸ್ಟಿಕ್ಸ್ ಅಂತ ಹೊಳೆಗಳಿವೆ. ಅವು ಕೊನೆಗೆ ಬಂದು ಸೇರುವುದು ಗ್ರೀನ್ ನದಿಯನ್ನೇ. ಹೊರಗೆ ನದಿಯ ಮಟ್ಟ ಏರಿಸಿದರೆ ಒಳಗೂ ನೀರು ಏರಿ ನಿಲ್ಲುತ್ತದೆ. ಮೋರಿಯ ಬಾಯಿ ಕಟ್ಟಿದರೆ ಬಚ್ಚಲಲ್ಲಿ ನೀರು ನಿಲ್ಲುವ ಹಾಗೆ. ಒಳಗಿನ ಹೊಳೆಯಲ್ಲಿ ಕಣ್ಣೇ ಇಲ್ಲದ, ಗಾಜಿನ ಹಾಗೆ ಆಚೆ ಕಾಣುವ ಸಣ್ಣ ಸಿಗಡಿ ಇದೆ. ಈ ಸೀಮೆಯ ಗುಹೆಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. 1983ರಲ್ಲೇ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದರು. ಅದರ ಮನೆಯೊಳಗೆ ನೂರು ವರ್ಷ ಹೂಳು ತುಂಬುತ್ತಿತ್ತು, ಹೊರಗೆ ದೋಣಿಯೂ ಇಲ್ಲದ ಒಂದು ಕಟ್ಟೆಯ ದೆಸೆಯಿಂದ.

ಇನ್ನು ಒಡೆದದ್ದು ಹೇಗೆ ಅಂತ. ನಿಜ ಹೇಳಬೇಕೆಂದರೆ ಮೊದಲು ಕೈ ಹಾಕಿದ್ದು ನದಿಯೇ. 2016ರ ನವೆಂಬರ್ ಕೊನೆಗೆ ಆರನೇ ಅಣೆಕಟ್ಟಿನಲ್ಲಿ ತೂತು ಬಿತ್ತು, ಹಿಂದಿನ ನೀರು ಇಳಿಯತೊಡಗಿತು. ಥ್ಯಾಂಕ್ಸ್‌ಗಿವಿಂಗ್ ರಜೆ, ನಾವು ನೋಡಲು ಹೋದೆವು. ಎರಡೂ ದಂಡೆಯಲ್ಲಿ ಆಳೆತ್ತರ ಕೆಸರು, ಬಾಯಿ ತೆರೆದ ಚಿಪ್ಪುಗಳು, ಬೇರು ಬಿಟ್ಟುಕೊಟ್ಟು ನದಿಗೆ ವಾಲಿದ ಮರಗಳು. ಕಾರಿನಿಂದ ಇಳಿದ ಕೂಡಲೇ ಇಳಿತದ ಹೊತ್ತಿನ ನಮ್ಮ ಅಳಿವೆಯ ವಾಸನೆ. ಉಪ್ಪೊಂದು ಇರಲಿಲ್ಲ. ನನ್ನ ಗಂಡ ಬೆಳಗಾವಿಯವರು, ಮೂಗು ಮುಚ್ಚಿಕೊಂಡು ಕಾರು ಹತ್ತಿದರು. ನಾನು ಮಾತ್ರ ಅಲ್ಲೇ ನಿಂತೆ. ನೋಡಲು ಚೆನ್ನಾಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಒಂದು ದೊಡ್ಡ ನೀರಿನ ಕಾನೂನು ಮಾಡಿತು. ಅದರಲ್ಲಿ ಗ್ರೀನ್ ನದಿಯ ಮೂರರಿಂದ ಆರರವರೆಗಿನ ಕಟ್ಟೆಗಳು ಇನ್ನು ದೋಣಿಗೆ ಬೇಡ ಅಂತ ಕೈಬಿಟ್ಟರು. 2017ರ ವಸಂತದಲ್ಲಿ ಮೀನು ಮತ್ತು ವನ್ಯಜೀವಿ ಇಲಾಖೆಯವರು ಯಂತ್ರ ತಂದು ಆರನೆಯದನ್ನು ಬಿಡಿಸಿದರು. ಐದನೆಯದು 2021–22ರಲ್ಲಿ ಹೋಯಿತು. ಎರಡೂ ಹೋದದ್ದರಿಂದ ಮೀನಿಗೆ ಮಾತ್ರ ಅಲ್ಲ, ನಮಗೂ ಒಂದು ಭಯ ಹೋಯಿತು. ಇಂಥ ಗಿಡ್ಡ ಗೋಡೆಯ ಬುಡದಲ್ಲಿ ನೀರು ಹಿಂದಕ್ಕೆ ಸುತ್ತುತ್ತದೆ. ಮೇಲಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ. ಸಿಕ್ಕಿಬಿದ್ದವರನ್ನು ಲೈಫ್ ಜಾಕೆಟ್ ಇದ್ದರೂ ಬಿಡದೆ ಉರುಳಿಸುತ್ತದೆ.

ನಿಮಗೆ ಸಿಕ್ಕ ಯಜಮಾನರ ಬೇಸರವೂ ಸುಳ್ಳಲ್ಲ. ಎಂಜಿನ್ ದೋಣಿ ಇಟ್ಟುಕೊಂಡವರಿಗೆ ಆ ನಿಂತ ನೀರು ದೊಡ್ಡ ಆಟದ ಅಂಗಳವಾಗಿತ್ತು. ಅವರು ಹುಟ್ಟಿದಾಗಿನಿಂದ ನೋಡಿದ ನದಿ ಅದೇ. ಈಗ ಜಲ್ಲಿ ಎದ್ದಿದೆ, ಪ್ರೊಪೆಲ್ಲರ್ ಬಡಿಯುತ್ತದೆ. ನನ್ನಂಥ ಕಯಾಕಿನವರಿಗೆ ಸುಖ, ಅವರಿಗೆ ನಷ್ಟ. ನನಗೆ ಕಟ್ಟೆ ಹೋದದ್ದೇ ಸರಿ ಅನ್ನಿಸುತ್ತದೆ, ಆದರೆ ಅವರ ಮುಂದೆ ನಿಂತು ಅದನ್ನು ಹೇಳಲು ಸ್ವಲ್ಪ ಮುಜುಗರ.

ಅಮ್ಮ ಆ ಚಿಪ್ಪನ್ನು ಅಲ್ಲೇ ಇಟ್ಟು ಬಂದರು ತಾನೇ? ಮ್ಯಾಮತ್ ಕೇವ್ ರಾಷ್ಟ್ರೀಯ ಉದ್ಯಾನದ ಒಳಗಿಂದ ಖಾಲಿ ಚಿಪ್ಪನ್ನೂ ತರುವಂತಿಲ್ಲ.

ಹಳೇ ಇಂಜಿನಿಯರ್

ಕುಮಟೆಯವಳು ಮೇಡಂ ಚೆನ್ನಾಗಿ ಬರೆದಿದ್ದೀರಿ. ನಾನು ನಿವೃತ್ತ, ಈಗ ಮೈಸೂರಿನಲ್ಲಿ ಮೊಮ್ಮಕ್ಕಳ ಜೊತೆ. ಒಂದು ಮಾತು ಸೇರಿಸುತ್ತೇನೆ.

ಹಡಗಿನ ದಾರಿಗಾಗಿ ನದಿಗೆ ಅಡ್ಡ ಕಟ್ಟಿದ್ದು ನಮ್ಮ ದೇಶದಲ್ಲೂ ಇದೆ. ಗಂಗೆಗೆ ಕಟ್ಟಿದ ಫರಕ್ಕಾ. ಕೋಲ್ಕತ್ತ ಬಂದರಿನಲ್ಲಿ ಹೂಳು ತುಂಬಿ ಹಡಗು ಬರಲಾಗದೆ, ಗಂಗೆಯ ನೀರನ್ನು ಸುಮಾರು 38 ಕಿ.ಮೀ. ಕಾಲುವೆಯಲ್ಲಿ ಹೂಗ್ಲಿ ಕಡೆ ತಿರುಗಿಸಿ ಹೂಳು ತೊಳೆಯಬೇಕು ಅನ್ನುವ ಲೆಕ್ಕ. 1975ರಲ್ಲಿ ಚಾಲೂ ಆಯಿತು. ಹಿಲ್ಸಾ ಮೀನು ಅದಕ್ಕೆ ಮುಂಚೆ ಸಮುದ್ರದಿಂದ ಅಲಹಾಬಾದ್‌ವರೆಗೆ ಹತ್ತಿ ಹೋಗುತ್ತಿತ್ತು, ಆಮೇಲೆ ಬಿಹಾರದವರಿಗೆ ಅದು ಮಾರುಕಟ್ಟೆಯ ಮೀನಾಯಿತು. ಹೂಳು ಮೇಲ್ಗಡೆ ಕೂತು ಪ್ರವಾಹ ಹೆಚ್ಚಾಗುತ್ತಿದೆ, ಫರಕ್ಕಾ ತೆಗೆಯಿರಿ ಅಂತ 2016ರಲ್ಲಿ ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರರೇ ಕೇಳಿದ್ದರು. ಆದರೆ ಅದು ಕೆಂಟಕಿಯಷ್ಟು ಸುಲಭ ಅಲ್ಲ. ಅದರ ಮೇಲೆ ರೈಲು, ರಸ್ತೆ ಹೋಗುತ್ತವೆ, ಬಾಂಗ್ಲಾದೇಶದ ಜೊತೆ 1996ರಲ್ಲಿ ನೀರಿನ ಒಪ್ಪಂದ ಆಗಿದೆ. ಒಂದು ಸಲ ಕಟ್ಟಿದ ಮೇಲೆ ಕಟ್ಟೆಯ ಸುತ್ತ ಬೇರೆ ಬೇರೆ ಕೆಲಸ ಬೆಳೆದುಬಿಡುತ್ತವೆ. ತೆಗೆಯುವ ಮಾತು ಬಂದಾಗ ಯಾವ ಕೆಲಸಕ್ಕೆ ಕಟ್ಟಿದ್ದರು ಅನ್ನುವುದನ್ನು ಯಾರೂ ಕೇಳುವುದಿಲ್ಲ.

2016ರ ಜಲಮಾರ್ಗ ಕಾಯ್ದೆಯ 111 ಹೆಸರುಗಳಲ್ಲಿ ನಮ್ಮ ನೇತ್ರಾವತಿ, ಶರಾವತಿ, ಕಾಳಿ, ಕಬಿನಿ, ತುಂಗಭದ್ರಾ ಎಲ್ಲ ಇವೆ. ಕಬಿನಿಯಲ್ಲಿ ಯಾವ ಹಡಗು ಅಂತ ನನ್ನನ್ನು ಕೇಳಬೇಡಿ.

ಸೊಪ್ಪಿನ ಸಾರು

ಕುಮಟೆಯವಳು ಅಕ್ಕಾ, ಒಪ್ಪಿದೆ. ಬಳಚು ಸುಕ್ಕದ ರೆಸಿಪಿ ಬೇರೆ ಕಡೆ ಹಾಕಿ ದಯವಿಟ್ಟು. ಒಂದೇ ಡೌಟು: ನೂರು ವರ್ಷದ ಹೂಳು ಒಂದೇ ಸಲ ಕೆಳಗೆ ಹೋದರೆ ಕೆಳಗಿನ ಚಿಪ್ಪುಗಳ ಗತಿ?

ಕುಮಟೆಯವಳು

ಒಳ್ಳೆಯ ಪ್ರಶ್ನೆ. ಇದು ಗಿಡ್ಡ ಗೋಡೆ ಆದ್ದರಿಂದ ಬದುಕಿಕೊಂಡೆವು. ಪ್ರತಿ ಪ್ರವಾಹದಲ್ಲೂ ನೀರು ಗೋಡೆ ಹಾರಿ ಹೋಗುವಾಗ ಸ್ವಲ್ಪ ಹೂಳನ್ನೂ ಎತ್ತಿಕೊಂಡು ಹೋಗುತ್ತಿತ್ತು. ಎತ್ತರದ ಅಣೆಕಟ್ಟಿನ ಹಾಗೆ ಬೆಟ್ಟದಷ್ಟು ಕೂತಿರಲಿಲ್ಲ. ಮೊದಲ ಒಂದೆರಡು ಮಳೆಗೆ ನೀರು ಚಹಾದ ಬಣ್ಣಕ್ಕೆ ತಿರುಗಿದ್ದು ನಾನೇ ನೋಡಿದ್ದೇನೆ. ದಂಡೆಯ ಮರ ಬೀಳುವುದು ಇನ್ನೂ ಕೆಲವು ವರ್ಷ ನಡೆಯಿತು. ಈಗ ಅಲ್ಲಿ ಎಳೆಯ ಸಿಕಮೋರ್ ಗಿಡಗಳು ಎದ್ದಿವೆ. ತಳದಲ್ಲಿ ಜಲ್ಲಿ ಕಾಲಿಗೆ ಸಿಗುತ್ತದೆ.

ಆದರೆ ಚಿಪ್ಪು ತುಂಬಿ ತುಳುಕುತ್ತಿದೆ ಅಂತ ಮಾತ್ರ ಹೇಳುವುದಿಲ್ಲ. ಹತ್ತಾರು ವರ್ಷ ಬದುಕುವ ಪ್ರಾಣಿ, ಇಷ್ಟು ಬೇಗ ಸಂಸಾರ ಕಟ್ಟಿ ತೋರಿಸು ಅಂದರೆ ಹೇಗೆ? ಹೋದ ಬೇಸಿಗೆಯಲ್ಲಿ ಹಳೇ ಕಟ್ಟೆಯ ಮೇಲ್ಗಡೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದೊಂದು ಸಿಕ್ಕಿತು. ಯಾವ ಜಾತಿ ಅಂತ ಗೊತ್ತಾಗಲಿಲ್ಲ. ಇದ್ದಲ್ಲೇ, ಇದ್ದ ಹಾಗೇ ಇಟ್ಟೆ. ಮಗಳು ಫೋಟೋ ತೆಗೆದಳು, ಕೈ ನಡುಗಿ ಮಸುಕಾಗಿದೆ.

ನೀರಗಂಟಿ ಮಗ

ಅಕ್ಕಾ, ಪೂರ್ತಿ ಓದಿ ಹೇಳಿದೆ. ಎರಡು ರಾತ್ರಿ ಬೇಕಾಯಿತು. ಲಾಕ್ ತೊಟ್ಟಿಯ ವಿಷಯ ಬಂದಾಗ ಅಪ್ಪ ಊಟ ನಿಲ್ಲಿಸಿ ತಟ್ಟೆಯಲ್ಲೇ ಸಾರಿಗೆ ಅನ್ನದ ಒಡ್ಡು ಹಾಕಿ ಅಮ್ಮನಿಗೆ ತೋರಿಸಿದರು. ತೂಬಿಲ್ಲದ ಕಟ್ಟೆ ಅಂದಾಗ 'ಓ, ಹಂಗಾದ್ರೆ ಅದು ಕಟ್ಟೆ ಅಲ್ಲ ಬಿಡು, ಬರೀ ಅಡ್ಡ' ಅಂದರು. ಸಿಗಡಿಗೆ ಕಣ್ಣಿಲ್ಲ ಅನ್ನುವುದನ್ನು ಮಾತ್ರ ಇನ್ನೂ ನಂಬಿಲ್ಲ.

ಚಿಪ್ಪಿನ ವಿಷಯ ಹೇಳಲೇಬೇಕು. ಅಮ್ಮನ ಪರ್ಸಿನಲ್ಲಿ, ಕುಂಕುಮದ ಡಬ್ಬಿಯ ಪಕ್ಕ ಸಿಕ್ಕಿತು. 'ಕೃಷ್ಣಾರ್ಪಣ' ಅಂತ ತುಳಸಿಗೆ ನೀರು ಹಾಕಲು ಇಟ್ಟುಕೊಂಡಿದ್ದರಂತೆ. ವಾಪಸ್ ಇಟ್ಟು ಬರುತ್ತೇವೆ.

ಅಪ್ಪನಿಗೆ ಈಗ ಬೇರೆ ಪ್ರಶ್ನೆ. ನದಿಯನ್ನೂ ಮೀನನ್ನೂ ಬಿಟ್ಟರು. ಆ ತೊಟ್ಟಿಯ ಬಾಗಿಲು ತೆಗೆಯುವ, ಮುಚ್ಚುವ ಕೆಲಸಕ್ಕೆ ಒಬ್ಬ ಇದ್ದಿರಬೇಕಲ್ಲ, ರಾತ್ರಿ ದೋಣಿ ಬಂದರೂ ಎದ್ದು ಬರಬೇಕು. ಅವನ ಮನೆ ಎಲ್ಲಿತ್ತು? ದೋಣಿ ನಿಂತ ಮೇಲೆ ಅವನು ಏನು ಮಾಡಿದ?

ಕುಮಟೆಯವಳು

ಹನ್ನೊಂದು ವರ್ಷ ಇಲ್ಲಿದ್ದೇನೆ, ಈ ಪ್ರಶ್ನೆ ನನಗೆ ಒಂದು ಸಲವೂ ಬಂದಿರಲಿಲ್ಲ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಲಾಕ್ ನೋಡಿಕೊಳ್ಳುವವರಿಗೆ ಸರ್ಕಾರದ ಮನೆ ಇರುತ್ತಿತ್ತು, ನದಿಯ ಪಕ್ಕದಲ್ಲೇ, ಪ್ರವಾಹ ಮುಟ್ಟದ ಎತ್ತರದಲ್ಲಿ. ಬೌಲಿಂಗ್ ಗ್ರೀನ್‌ನಿಂದ ಅರ್ಧ ಗಂಟೆ ದೂರದ ವುಡ್‌ಬರಿಯಲ್ಲಿ ಗುಡ್ಡದ ಮೇಲೆ ಆ ಕಾಲದ ಕಟ್ಟಡ ಇನ್ನೂ ಇದೆ. ಈಗ ಅದು ಗ್ರೀನ್ ನದಿಯ ಮ್ಯೂಸಿಯಂ. ಕೆಳಗೆ ನೋಡಿದರೆ 1965ರಲ್ಲಿ ಒಡೆದುಹೋದ ನಾಲ್ಕನೇ ಲಾಕ್‌ನ ಜಾಗ ಕಾಣುತ್ತದೆ.

ಹೋಗುವ ಮುಂಚೆ ಬಾಗಿಲು ತೆರೆದಿರುತ್ತದಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ, ಸಣ್ಣ ಮ್ಯೂಸಿಯಂ. ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೆ ಬನ್ನಿ. ಬಳಚು ಇಲ್ಲಿ ಸಿಗುವುದಿಲ್ಲ, ಅಂಗಡಿಯ ಫ್ರೀಜರಿನ ಸಿಗಡಿ. ಅದಕ್ಕೂ ಕಣ್ಣಿರುವುದಿಲ್ಲ, ತಲೆಯನ್ನೇ ತೆಗೆದು ಮಾರುತ್ತಾರೆ.

ನೀರಗಂಟಿ ಮಗ

ಬರುವ ಶನಿವಾರ ಬರುತ್ತೇವೆ ಅಕ್ಕಾ. ಅಪ್ಪ ಈಗಲೇ ಟಾರ್ಚ್‌ಗೆ ಸೆಲ್ ಹಾಕಿ ಇಟ್ಟುಕೊಂಡಿದ್ದಾರೆ. ಮ್ಯೂಸಿಯಂಗೆ ಟಾರ್ಚ್ ಯಾಕೆ ಅಂದರೆ, 'ಬಾಗ್ಲಿನ ಕೀಲು ನೋಡ್ಬೇಕು ಕಣೋ' ಅಂದರು.